ದೂರದ ಗೋಡೆ ನುಣ್ಣಗೆ

ವಾಲ್ ಪುಟ್ಟಿ 40 ಕೆಜಿ ಚೀಲದಲ್ಲಿ ಬರುತ್ತದೆ. 1 ಕೆಜಿ, 5 ಕೆಜಿ ಪ್ಯಾಕೆಟ್ಟೂ ಸಿಗುತ್ತದೆ. ಆದರೆ ಮನೆಯ ಗೋಡೆಗಳನ್ನೆಲ್ಲ ತಾನೇ ನುಣ್ಣಗೆ ಮಾಡಿಬಿಡುತ್ತೇನೆಂದು ಹೊರಟ ಗಂಡಸು ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ಪ್ಯಾಕೆಟ್ ಕೇಳುವುದುಂಟೇ? "ಪೇಂಟರ್ ಯಾರು ಸಾರ್?" ಎಂದ ಅಂಗಡಿಯವನು. "ನಾನೇ" ಎಂದೆ. ಅವನು ನನ್ನ ಕನ್ನಡಕವನ್ನೂ ಇಸ್ತ್ರಿ ಅಂಗಿಯನ್ನೂ ಒಮ್ಮೆ ನೋಡಿ, ಚೀಲದ ಜೊತೆಗೆ ಪುಟ್ಟಿ ಬ್ಲೇಡು, ಎಮರಿ ಪೇಪರು ಇಟ್ಟ. ಕೊನೆಗೆ, ನಾನು ಕೇಳದಿದ್ದರೂ, ಬಿಲ್ಲಿನ ಹಿಂಬದಿಯಲ್ಲಿ ಒಬ್ಬ ಪೇಂಟರನ ಫೋನ್ ನಂಬರು ಬರೆದುಕೊಟ್ಟ.

ಮೈಸೂರಿನ ಹಳೇ ಬಡಾವಣೆಯಲ್ಲಿರುವ ನಮ್ಮ ಮನೆ ತಾತ ಕಟ್ಟಿಸಿದ್ದು. ಇಟ್ಟಿಗೆ ಗೋಡೆ, ಸುಣ್ಣದ ಗಾರೆ. ಆಗೆಲ್ಲ ಗಾರೆಯನ್ನು ಗಾಣದಲ್ಲಿ ಅರೆಯುತ್ತಿದ್ದರು. ದುಂಡನೆಯ ಕಾಲುವೆಗೆ ಸುಣ್ಣ, ಮರಳು ಸುರಿದು, ಎತ್ತು ಕಟ್ಟಿ, ಕಾಲುವೆಯೊಳಗೆ ಕಲ್ಲಿನ ಗಾಲಿ ಉರುಳಿಸುವುದು. ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸುವ ಪದ್ಧತಿಯೂ ಇತ್ತು. ಬೆಲ್ಲ ಕುಡಿದು ಬೆಳೆದ ಗೋಡೆಗೆ ಸ್ವಲ್ಪ ಹೊಟ್ಟೆ ಬರುವುದು ಸಹಜವೇ. ನಮ್ಮ ನಡುಮನೆಯ ಗೋಡೆಗೂ ಬಂದಿದೆ.

ಪುಟ್ಟಿ ಹಾಕುವುದಕ್ಕೆ ಮುಂಚೆ ಹಳೇದನ್ನೆಲ್ಲ ಕೆರೆಯಬೇಕು. ಪುಟ್ಟಿ ತನ್ನ ಕೆಳಗೆ ಏನಿದೆಯೋ ಅದನ್ನು ಹಿಡಿದು ನಿಲ್ಲುತ್ತದೆ. ಕೆಳಗಿನ ಸುಣ್ಣವೇ ಪುಡಿ ಉದುರುತ್ತಿದ್ದರೆ ಇದೂ ಅದರ ಜೊತೆ ಹೊರಟುಬಿಡುತ್ತದೆ. ಕೆರೆಯಲು ಕೂತೆ. ಅಮ್ಮ ಕುರ್ಚಿ ಎಳೆದುಕೊಂಡು ಬಂದು ಕೂತಳು. ಕೆನೆ ಬಣ್ಣದ ಡಿಸ್ಟೆಂಪರ್ ಎದ್ದುಬಂದ ಕೂಡಲೇ, "ಇದು ನಿನ್ನ ಮದುವೇದು" ಎಂದಳು. ಅದರ ಕೆಳಗೆ ಗಿಳಿಹಸಿರು. "ಅದು ನಿಮ್ಮಪ್ಪನಿಗೆ ಪ್ರಮೋಷನ್ ಆದಾಗಿಂದು. ಆ ಹಸಿರು ನನಗೆ ಯಾವತ್ತೂ ಹಿಡಿಸಲಿಲ್ಲ. ಕೆರಿ, ಚೆನ್ನಾಗಿ ಕೆರಿ." ಇನ್ನೂ ಕೆಳಗೆ ನೀಲಿ ಬೆರೆಸಿದ ಸುಣ್ಣ, ಅದರ ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದಿಟ್ಟ ಹಾಲಿನ ಲೆಕ್ಕ. ಅದನ್ನು ಓದಿ ಅಮ್ಮ, ಹಾಲಿನವನು ಆ ತಿಂಗಳು ಮೋಸ ಮಾಡಿದ್ದಾನೆ ಎಂದು ತೀರ್ಪು ಕೊಟ್ಟಳು.

ಕಿಟಕಿಯ ಪಕ್ಕದ ದುಂಡನೆಯ ಕಲೆ ಮಾತ್ರ ಎಷ್ಟು ಕೆರೆದರೂ ಹೋಗಲಿಲ್ಲ. "ಮಾವನೋರು ಅಲ್ಲೇ ಒರಗಿ ಕೂತು ಪೇಪರ್ ಓದ್ತಿದ್ದಿದ್ದು" ಎಂದಳು ಅಮ್ಮ. ಹರಳೆಣ್ಣೆ. ಎಣ್ಣೆ ಕುಡಿದ ಜಾಗಕ್ಕೆ ಪುಟ್ಟಿ ಹಿಡಿಯುವುದಿಲ್ಲ. ಸೋಪು ಹಾಕಿ ಉಜ್ಜಿದೆ, ಎಮರಿ ಪೇಪರ್ ಹಾಕಿ ತಿಕ್ಕಿದೆ. ಮುಂದೆ ಇಡೀ ಗೋಡೆಗೆ ಹಾಕಿದ ಪುಟ್ಟಿ ನಿಂತಿತು, ತಾತನ ತಲೆಯ ಅಳತೆಗೆ ಸರಿಯಾಗಿ ಒಂದು ಬಿಲ್ಲೆ ಮಾತ್ರ ಕಳಚಿ ಬಿತ್ತು. ಬದುಕಿದ್ದಾಗಲೂ ಅವರು ಯಾರಿಗೂ ಜಾಗ ಬಿಟ್ಟುಕೊಟ್ಟವರಲ್ಲ.

ಕಲಸುವುದು ಇನ್ನೊಂದು ಅಧ್ಯಾಯ. ಬಿಳಿ ಸಿಮೆಂಟಿನ ಪುಟ್ಟಿಗೆ ನೀರು ಸೋಕಿದ ಕ್ಷಣದಿಂದ ಅದರ ಗಡಿಯಾರ ಶುರುವಾಗುತ್ತದೆ. ಎರಡು ಮೂರು ಗಂಟೆಯಲ್ಲಿ ಬಳಸಿ ಮುಗಿಸಬೇಕು. ಮತ್ತೆ ನೀರು ಹಾಕಿ ಎಬ್ಬಿಸುತ್ತೇನೆಂದರೆ ಅದು ಏಳುವುದಿಲ್ಲ. ಹದ ಹೇಗಿರಬೇಕೆಂದು ಅಂಗಡಿಯವನನ್ನು ಕೇಳಿದ್ದಕ್ಕೆ, "ಇಡ್ಲಿ ಹಿಟ್ಟಿಗಿಂತ ಗಟ್ಟಿ, ವಡೆ ಹಿಟ್ಟಿಗಿಂತ ನೀರು" ಎಂದಿದ್ದ. ಇವೆರಡನ್ನೂ ತಿಂದು ಗೊತ್ತೇ ಹೊರತು ಕಲಸಿ ಗೊತ್ತಿಲ್ಲದ ನಾನು ಬಕೆಟ್ಟನ್ನು ಅಡುಗೆಮನೆ ಬಾಗಿಲಿಗೆ ತೆಗೆದುಕೊಂಡು ಹೋದೆ. ನನ್ನ ಹೆಂಡತಿ ಸೌಟು ಆಡಿಸಿ ನೋಡಿ, "ಇನ್ನೊಂದು ಲೋಟ ಪುಡಿ ಹಾಕ್ರೀ, ಗಂಟೂ ಒಡೀರಿ" ಎಂದಳು. ಆ ಸೌಟು ಮತ್ತೆ ಅಡುಗೆಮನೆ ಸೇರಲಿಲ್ಲ.

ಬಳಿಯುವಾಗ ಮೊದಲು ಗೋಡೆಗೆ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಬಾಯಾರಿದ ಹಳೇ ಗೋಡೆ ಪುಟ್ಟಿಯ ನೀರನ್ನೆಲ್ಲ ಹೀರಿ ಅದನ್ನು ಬರಿ ಹಿಟ್ಟು ಮಾಡಿಬಿಡುತ್ತದೆ. ಬ್ಲೇಡನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಎಳೆದಾಗ ಅದರ ಎರಡೂ ಅಂಚಿನಲ್ಲಿ ಒಂದೊಂದು ಗೀರು ಏಳುತ್ತದೆ. ಒಂದು ಗೀರನ್ನು ಅಳಿಸಲು ಮತ್ತೆ ಎಳೆದರೆ ಅದು ಹೋಗಿ ಎರಡು ಹುಟ್ಟುತ್ತವೆ. ರಕ್ತಬೀಜಾಸುರನ ಕಥೆ ಬರೆದವರು ಹಿಂದಿನ ಜನ್ಮದಲ್ಲಿ ಗಾರೆ ಕೆಲಸ ಮಾಡಿರಬೇಕು. ಇದರ ಮೇಲೆ ಇನ್ನೊಂದು ನಿಯಮ: ಎರಡು ಕೋಟೂ ಸೇರಿ ದಪ್ಪ 1.5 ಮಿಲಿಮೀಟರ್ ಮೀರಕೂಡದು, ಮೀರಿದರೆ ಬಿರುಕು ಬಿಡುತ್ತದೆ. ನಮ್ಮ ಗೋಡೆಯ ಹೊಟ್ಟೆ ಎರಡು ಬೆರಳು ಮುಂದಕ್ಕಿದೆ. ಪುಟ್ಟಿ ಇರುವುದು ಗೋಡೆಯ ತರಿ ತೆಗೆಯುವುದಕ್ಕೆ, ಡೊಂಕು ತೆಗೆಯುವುದಕ್ಕಲ್ಲ. ಹೀಗಾಗಿ ಡೊಂಕು ಹಾಗೇ ಉಳಿದು, ನುಣುಪಾದ ಡೊಂಕಾಯಿತು.

ಪಕ್ಕದ ಮನೆಯ ನಿವೃತ್ತ ಎಂಜಿನಿಯರರು ವಾಕಿಂಗ್ ಮುಗಿಸಿಕೊಂಡು ಬಂದವರು ಒಳಗೆ ಇಣುಕಿದರು. "ಸುಣ್ಣದ ಗೋಡೆ ಉಸಿರಾಡುತ್ತೆ ಕಣ್ರೀ. ಒಳಗಿನ ಥಂಡಿ ಹೊರಗೆ ಹೋಗೋಕೆ ದಾರಿ ಬೇಡವೇ? ಸಿಮೆಂಟು ಮೆತ್ತಿ ಮೂಗು ಮುಚ್ಚಿಬಿಟ್ಟಿರಿ." ಮಾತು ನಿಜವೇ. ಬಚ್ಚಲಿನ ಕಡೆಯ ಗೋಡೆ ಮುಂದೆ ಗುಳ್ಳೆ ಎದ್ದು ಅವರ ಪರವಾಗಿ ಸಾಕ್ಷಿ ಹೇಳಿತು. ಆದರೆ ಅವರ ಮನೆಯ ಗೋಡೆಗಳಿಗೂ ಅದೇ ಪುಟ್ಟಿ ಹಾಕಿದೆ ಎನ್ನುವುದನ್ನು ನಾನಾಗಲೇ ಗಮನಿಸಿಟ್ಟಿದ್ದೆ. ಈ ಕೆಲಸಕ್ಕೆ ಕೈಹಾಕಿದ ಮೇಲೆ ಬೇರೆಯವರ ಮನೆಗೆ ಹೋದರೆ ನನಗೆ ಮನುಷ್ಯರು ಕಾಣುವುದಿಲ್ಲ. ನೆಂಟರ ಹುಡುಗನಿಗೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋಗಿ ಬಂದಾಗ ಹುಡುಗಿ ಹೇಗಿದ್ದಾಳೆಂದು ಅಕ್ಕ ಕೇಳಿದಳು. ಮೂಲೆಯ ಅಂಚು ಬಹಳ ನೇರವಾಗಿ ಎತ್ತಿದ್ದಾರೆ ಎಂದೆ.

ಎಮರಿ ಪೇಪರಿನ ಧೂಳಿನ ವಿಚಾರ ಬೇಡ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸಾರಿನ ಪಾತ್ರೆ ಮುಚ್ಚಿಡಿ, ಅಷ್ಟೇ.

ಉಜ್ಜಿ ಮುಗಿಸಿದ ಮಧ್ಯಾಹ್ನ ಗೋಡೆ ನೋಡಿ ನನಗೇ ಹೆಮ್ಮೆಯಾಯಿತು. ಸಂಜೆ ಸ್ವಿಚ್ ಹಾಕಿದೆ. ಟ್ಯೂಬ್‌ಲೈಟ್ ಇರುವುದು ಅದೇ ಗೋಡೆಯ ನೆತ್ತಿಯಲ್ಲಿ. ಬೆಳಕು ಗೋಡೆಯನ್ನೇ ಸವರಿಕೊಂಡು ಕೆಳಗಿಳಿಯುತ್ತದೆ. ಕೂದಲೆಳೆ ಉಬ್ಬಿಗೂ ಗೇಣುದ್ದ ನೆರಳು. ನನ್ನ ಕೈ ಆಡಿದ್ದೆಲ್ಲ, ಅಡ್ಡ ಉದ್ದ, ಅಲೆಅಲೆಯಾಗಿ ಎದ್ದು ನಿಂತಿತು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಹೋಯಿತು. ಅದಕ್ಕೂ ಮುಂಚೆ ಲಾಟೀನಿನ ಬೆಳಕಿನಲ್ಲಿ ಯಾರ ಗೋಡೆ ಎಷ್ಟು ಡೊಂಕೆಂದು ಯಾರಿಗೆ ಕಾಣುತ್ತಿತ್ತು? ನಡುಮನೆಯ ನಡುವೆ ಬಲ್ಬು ತೂಗುತ್ತಿದ್ದ ಕಾಲದಲ್ಲೂ ಬೆಳಕು ಗೋಡೆಗೆ ಎದುರಿನಿಂದ ಬೀಳುತ್ತಿತ್ತು, ಗೋಡೆಯ ಮಾನ ಉಳಿಯುತ್ತಿತ್ತು. ಸರಿಪಡಿಸಬೇಕಾದದ್ದು ಗೋಡೆಯನ್ನಲ್ಲ, ದೀಪವನ್ನು ಎಂದು ಮನೆಯವರಿಗೆ ವಿವರಿಸಿದೆ. ಯಾರೂ ಎದುರು ಹೇಳಲಿಲ್ಲ. ಹೇಳುವ ತ್ರಾಣ ಉಳಿದಿರಲಿಲ್ಲ.

ಮಾರನೆಯ ದಿನವೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಟ್ಯೂಬ್‌ಲೈಟ್ ತೆಗೆದು ಛಾವಣಿಯ ನಡುವೆ ದೀಪ ಹಾಕಿಕೊಡಪ್ಪ ಎಂದೆ. ಅವನು ಸ್ವಿಚ್ ಬೋರ್ಡಿನಿಂದ ಛಾವಣಿಯವರೆಗೆ ಬೆರಳಲ್ಲೇ ಒಂದು ಗೆರೆ ಎಳೆದು, ಗೋಡೆಯನ್ನು ತಟ್ಟಿ ನೋಡಿದ.

"ಹಾಕೋಣ ಸಾರ್. ಪೈಪ್ ಒಳಗೆ ಹೋಗ್ಬೇಕಲ್ಲ, ಇಲ್ಲಿಂದ ಮೇಲಿನ ತನಕ ಗೋಡೆ ಕೊರೀಬೇಕಾಗತ್ತೆ. ಏನೂ ಯೋಚನೆ ಮಾಡ್ಬೇಡಿ, ಆಮೇಲೆ ಯಾರಾದ್ರೂ ಪೇಂಟರನ್ನ ಕರೆಸಿ ಪುಟ್ಟಿ ಹಾಕಿಸಿಬಿಡಿ."