ಸೌಭಾಗ್ಯವತಿ ಕೃಷಿ ಭಾಗ್ಯಮ್ಮನವರಿಗೊಂದು ಬಹಿರಂಗ ಪತ್ರ

ಸೌಭಾಗ್ಯವತಿ ಕೃಷಿ ಭಾಗ್ಯಮ್ಮನವರಿಗೆ ಸುರಪುರ ತಾಲ್ಲೂಕು ದೇವಾಪುರದ ರೈತನ ಶರಣು ಶರಣಾರ್ಥಿ. ಈ ಕಡೆ ಎಲ್ಲ ಕ್ಷೇಮ. ಮಳೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ವೇಳೆಗೆ ಸರಿಯಾಗಿ ಬರುತ್ತಿದೆ, ಬ್ಯಾಂಕಿನ ನೋಟಿಸೂ ಸೇರಿ.

ನಿಮ್ಮಕ್ಕ ಅನ್ನಭಾಗ್ಯಮ್ಮ 2013ರಲ್ಲಿ ಬಂದರು, ಅವರ ಬೆನ್ನಿಗೆ 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆಯಾಗಿ ನೀವು. ನಡುವೆ ಸರ್ಕಾರ ಬದಲಾಗಿ ಕೆಲಕಾಲ ನಿಮ್ಮ ಸುದ್ದಿಯೇ ಇರಲಿಲ್ಲ. ತವರಿಗೆ ಹೋಗಿರಬೇಕು ಅಂದುಕೊಂಡೆವು. 2023-24ರಲ್ಲಿ ಮರಳಿದಿರಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅನ್ನಿಸಿಕೊಂಡ ವರ್ಷವೇ ಮಳೆನೀರು ಹಿಡಿಯುವ ಹೊಂಡದ ಆಸೆ ತಂದಿರಿ. ನಿಮ್ಮ ಕಾಲ್ಗುಣ ಅನ್ನಲಾರೆ, ದೊಡ್ಡವರ ಮನೆಯ ಹೆಣ್ಣುಮಗಳು.

ಕೈ ಮಾತ್ರ ಧಾರಾಳ. ಹೊಂಡ ತೋಡಲು, ಅದಕ್ಕೆ ಪಾಲಿಥೀನ್ ಹಾಸಲು ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90. ಸುತ್ತ ತಂತಿ ಬೇಲಿಗೂ ನೆರವುಂಟು. ಬೇಲಿಯಿಲ್ಲದ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದಿದವರಿಗೆ ಅದು ಏಕೆಂದು ಗೊತ್ತು, ಅದರಲ್ಲಿ ನಗೆಯಾಡುವಂಥದ್ದೇನಿಲ್ಲ.

ನನ್ನ ತಕರಾರು ಒಡ್ಡಿನದು. ನಮ್ಮದು ಎರಿ ಹೊಲ, ಅಜ್ಜ ಹಾಕಿದ ಒಡ್ಡು. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ನೆಲ ಬಿರಿಯುತ್ತದೆ. ಮೊದಲ ದೊಡ್ಡ ಮಳೆಯ ನೀರು ಆ ಬಿರುಕಿಗಿಳಿದು, ಒಡ್ಡಿನ ತಳದಿಂದಲೇ ನುಸುಳಿ ಆಚೆ ಹಾಯುತ್ತದೆ. ಬೆಳಗಾಗಿ ನೋಡಿದರೆ ಒಡ್ಡಿನಲ್ಲಿ ಎತ್ತು ದಾಟುವಷ್ಟು ಕಂಡಿ, ಕೆಳಗಿನವರ ಹೊಲದಲ್ಲಿ ನಮ್ಮ ಮಣ್ಣು. ಅದಕ್ಕೇ ಪ್ರತಿವರ್ಷ ರೋಹಿಣಿ ಮಳೆಗೆ ಮುಂಚೆ ಗುದ್ದಲಿ, ಬುಟ್ಟಿ ಹಿಡಿದು ಬಿರುಕು ತುಂಬುತ್ತೇವೆ, ತುಳಿಯುತ್ತೇವೆ, ಹೆಚ್ಚಿನ ನೀರು ಹೊರಬೀಳುವ ಬಾಯಿಗೆ ಕಲ್ಲು ಪೇರಿಸುತ್ತೇವೆ. ಇದಕ್ಕೆ ನಿಮ್ಮ ಅರ್ಜಿಯಲ್ಲಿ ಕಾಲಂ ಇಲ್ಲ. ಹೊಸದಾಗಿ ಅಗೆದದ್ದಕ್ಕೆ ದುಡ್ಡು, ಉಳಿಸಿಕೊಂಡದ್ದಕ್ಕೆ ಇಲ್ಲ. ಟ್ರ್ಯಾಕ್ಟರ್ ತಿರುಗಲು ಅಡ್ಡಿ ಎಂದು ಒಡ್ಡು ಕೆಡವಿದವನು ಈಗ ನಿಮ್ಮ ಕ್ಷೇತ್ರ ಬದುವಿನ ನೆರವಿಗೆ ಅರ್ಹ. ಕೆಡವದೆ ಕೂತ ನಾನು ದಡ್ಡ.

ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡುವವನ ಪಾಡು ಇನ್ನೂ ಚಂದ. ಪಹಣಿಯಲ್ಲಿ ಹೆಸರಿಲ್ಲ, ಆ ಹೊಲದ ಮೇಲೆ ಅವನಿಗೆ ರೈತ ಗುರುತಿನ ಸಂಖ್ಯೆ (ಎಫ್‌ಐಡಿ) ಇಲ್ಲ, ಸಹಾಯಧನವೂ ಇಲ್ಲ. ಮಣ್ಣು ಹೊರುವವನು ಅವನು. ದಾಖಲೆಯಲ್ಲಿ ಮಣ್ಣಿನ ಸಂರಕ್ಷಕರಾದ ಹೊಲದ ಮಾಲೀಕರು ಕಲಬುರಗಿಯಲ್ಲಿ ಮನೆ ಬಾಡಿಗೆ ಎಣಿಸುತ್ತಿರುತ್ತಾರೆ.

ಕೆಲಸ ಆಗಿದೆ ಎನ್ನಲು ಜಿಪಿಎಸ್ ಫೋಟೊ ಎಂದರೆ ನಿಮಗೆ ಬಲು ನಂಬಿಕೆ. ಕವಿ ಲಕ್ಷ್ಮೀಶ ನಮ್ಮ ದೇವಾಪುರದವನೋ ಕಡೂರಿನ ದೇವನೂರಿನವನೋ ಎಂದು ವಿದ್ವಾಂಸರು ಕಾದಾಡಿದ್ದಾರೆ. ಪುಣ್ಯಾತ್ಮ ಒಂದು ಕೃಷಿ ಹೊಂಡ ತೋಡಿಸಿದ್ದರೆ ಅಕ್ಷಾಂಶ ರೇಖಾಂಶ ಸಮೇತ ಊರು ಸಿಗುತ್ತಿತ್ತು. ಆದರೆ ತಾಯಿ, ಫೋಟೊ ಒಂದು ದಿನದ್ದು. ಕೆಲವು ಬೇಸಿಗೆ ಕಳೆದು ಪಾಲಿಥೀನ್ ಬಿಸಿಲಿಗೆ ಹರಿದು, ತಳದಲ್ಲಿ ಹೂಳು ಕೂತಾಗ ಕ್ಯಾಮೆರಾ ಹಿಡಿದು ಬರುವವರಾರು?

ಈಗ ನನ್ನದೊಂದು ವಿನಂತಿ. ಅಜ್ಜನ ಒಡ್ಡನ್ನು ಜೆಸಿಬಿಯಿಂದ ನೆಲಸಮ ಮಾಡಿಸಿ, ‘ಕಾಮಗಾರಿಗೆ ಮೊದಲು’ ಎಂದು ಫೋಟೊ ತೆಗೆಸಿ, ಅದೇ ಜಾಗದಲ್ಲಿ ಅದೇ ಮಣ್ಣಿನಿಂದ ಬದು ಹಾಕಿಸಿದರೆ ನನಗೆ ಅರ್ಹತೆ ಬಂದೀತೆ? ಕೆಡವುವ ಖರ್ಚಿಗೂ ಶೇ 80 ಸಿಗುವುದೇ? ಉತ್ತರ ಬೇಗ ಕಳಿಸಿ. ಮುಂಗಾರು ಹತ್ತಿರವಾದಂತೆ ಜೆಸಿಬಿ ಬಾಡಿಗೆ ಏರುತ್ತದೆ.

ಇತಿ,
ನಿಮ್ಮ ಅನರ್ಹ ಫಲಾನುಭವಿ,
ದೇವಾಪುರ