ಅತ್ತೆಯವರ ತೂಕ

ಅಮೆರಿಕದ ಸರ್ಕಾರ ನನಗೆ ಪೈಲಟ್ ಲೈಸೆನ್ಸ್ ಕೊಡುವ ಮುಂಚೆ ನೂರೆಂಟು ಪ್ರಶ್ನೆ ಕೇಳಿತು. ಕಣ್ಣು ನೆಟ್ಟಗಿದೆಯೇ, ಮೋಡ ಹೇಗೆ ಕಟ್ಟುತ್ತದೆ, ಆಕಾಶದಲ್ಲಿ ಎದುರಿಗೊಂದು ವಿಮಾನ ಬಂದರೆ ಯಾವ ಕಡೆ ತಿರುಗುತ್ತೀ? (ಇಬ್ಬರೂ ಬಲಕ್ಕೆ.) ಅತ್ತೆಯವರ ತೂಕ ಕೇಳುವುದು ಹೇಗೆ ಎಂದು ಮಾತ್ರ ಯಾರೂ ಕೇಳಲಿಲ್ಲ, ಯಾರೂ ಹೇಳಿಕೊಡಲೂ ಇಲ್ಲ. ಇಡೀ ವಿದ್ಯೆಯಲ್ಲಿ ಕಷ್ಟದ್ದು ಅದೊಂದೇ.

ಕ್ಯಾಲಿಫೋರ್ನಿಯಾದ ಈ ಬೇ ಏರಿಯಾದಲ್ಲಿ ನಲವತ್ತು ದಾಟಿದ ಕನ್ನಡಿಗರು ಮ್ಯಾರಥಾನ್ ಓಡುತ್ತಾರೆ, ಇಲ್ಲವೇ ಹಿತ್ತಲಲ್ಲಿ ಕರಿಬೇವು ಬೆಳೆಸಿ ಫೋಟೊ ಹಾಕುತ್ತಾರೆ. ನನ್ನ ಮಂಡಿ ಕೈಕೊಟ್ಟಿತು, ಕರಿಬೇವು ಚಳಿಗೆ ಸತ್ತಿತು. ಪಾಲೊ ಆಲ್ಟೊ ವಿಮಾನ ನಿಲ್ದಾಣ ಆಫೀಸಿಗೆ ಹತ್ತಿರವಿತ್ತು. ಇದಕ್ಕಿಂತ ದೊಡ್ಡ ಕಾರಣ ಕೇಳಿದವರಿಗೆಲ್ಲ ನಾನು ಒಂದೊಂದು ಕಥೆ ಹೇಳಿದ್ದೇನೆ, ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದ ಬೇಲಿಯಾಚೆ ನಿಂತು ಬಾಲ್ಯದಲ್ಲಿ ಕಂಡ ಕನಸು ಇತ್ಯಾದಿ. ಜಕ್ಕೂರಿನ ಬೇಲಿಯನ್ನು ನಾನು ನೋಡಿದ್ದು ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿಯಿಂದ.

ಕಲಿತ ಕಥೆ ಬೇಗ ಮುಗಿಸುತ್ತೇನೆ. ಪರದೇಶದವಳೆಂದು ಬೆರಳಚ್ಚು ಕೊಟ್ಟು ಒಪ್ಪಿಗೆಗೆ ಕಾದೆ. ಬರವಣಿಗೆ ಪರೀಕ್ಷೆಯಲ್ಲಿ 60 ಪ್ರಶ್ನೆ, 70 ಪರ್ಸೆಂಟ್ ಬಂದರೆ ಪಾಸು. ಕಾನೂನಿನ ಪ್ರಕಾರ 40 ಗಂಟೆ ಹಾರಿದರೆ ಸಾಕು, ಅದರಲ್ಲಿ 10 ಗಂಟೆ ಒಬ್ಬಳೇ. 40ಕ್ಕೇ ಮುಗಿಸಿದವರು ಇದ್ದಾರಂತೆ, ನಾನಂತೂ ನೋಡಿಲ್ಲ. ನನ್ನ ಇನ್‌ಸ್ಟ್ರಕ್ಟರ್ ನಮ್ಮಕ್ಕನ ಮಗನ ವಯಸ್ಸಿನವನು. ಏರ್‌ಲೈನ್ ಕೆಲಸಕ್ಕೆ ಸೇರಲು ಅವನಿಗೆ 1,500 ಗಂಟೆ ಬೇಕು. ಹಾಗಾಗಿ ನಾನು ನಿಧಾನವಾಗಿ ಕಲಿತಷ್ಟೂ ಅವನಿಗೆ ಲಾಭ, ಆ ವಿಷಯದಲ್ಲಿ ನಾನು ಅವನಿಗೆ ಯಾವತ್ತೂ ನಿರಾಸೆ ಮಾಡಲಿಲ್ಲ. ನಾನು ಕಲಿತ ಸೆಸ್ನಾ ವಿಮಾನದ ಪ್ರೊಪೆಲರ್ ಪೂರ್ತಿ ಜೋರಿನಲ್ಲಿ ತಿರುಗುವಾಗ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲಿನ ಪೆಡಲ್ ಒತ್ತಿ ಅದನ್ನು ನೇರ ಮಾಡಬೇಕು. ಅವನು ಪ್ರತಿ ಟೇಕಾಫಿನಲ್ಲೂ ‘ಬಲಗಾಲು, ಬಲಗಾಲು, ಇನ್ನೂ ಬಲಗಾಲು’ ಎಂದು ಕೂಗುತ್ತಿದ್ದ. ಮದುವೆಯಾಗಿ ಹೊಸಿಲ ಮೇಲಿನ ಅಕ್ಕಿ ಸೇರು ಒದೆಯುವಾಗ ಅತ್ತೆಯವರು ಸಹ ಒಂದೇ ಸಲ ‘ಬಲಗಾಲಮ್ಮ’ ಅಂದಿದ್ದರು.

ಅಂತೂ ಲೈಸೆನ್ಸ್ ಬಂತು. ಹಿಂಬದಿಯಲ್ಲಿ ರೈಟ್ ಸೋದರರ ಚಿತ್ರವಿರುವ ಪ್ಲಾಸ್ಟಿಕ್ ಕಾರ್ಡು. ಅದೇ ಬೇಸಿಗೆಯಲ್ಲಿ ಮೈಸೂರಿನಿಂದ ಅತ್ತೆ ಮಾವ ಬಂದರು. ಅವರನ್ನು ವಿಮಾನದಲ್ಲಿ ಒಂದು ಸುತ್ತು ಕರೆದೊಯ್ಯುವುದೆಂದಾಯಿತು.

ಈಗ ಲೆಕ್ಕ ಹೇಳಬೇಕು. ಸೆಸ್ನಾ 172ರಲ್ಲಿ ನಾಲ್ಕು ಸೀಟಿವೆ ಎಂಬುದು ಒಂದು ಮರ್ಯಾದೆಯ ಮಾತು. ನಮ್ಮ ಫ್ಲೈಯಿಂಗ್ ಕ್ಲಬ್ಬಿನಲ್ಲಿರುವ ಮಾದರಿ ಒಟ್ಟು 2,550 ಪೌಂಡಿನ ಮೇಲೆ ಏಳುವಂತಿಲ್ಲ. ವಿಮಾನದ ಸ್ವಂತ ತೂಕ ಕಳೆದರೆ ಉಳಿಯುವುದು ಸುಮಾರು 860. ಹಿಂದಿನ ದಿನ ಹಾರಿಸಿದವರು ಪುಣ್ಯ ಕಟ್ಟಿಕೊಳ್ಳಲು ಟ್ಯಾಂಕ್ ತುಂಬಿಸಿಟ್ಟಿರುತ್ತಾರೆ. 53 ಗ್ಯಾಲನ್, ಗ್ಯಾಲನ್ನಿಗೆ 6 ಪೌಂಡು. ಅದನ್ನೂ ಕಳೆದರೆ ಮನುಷ್ಯರಿಗೆ ಮಿಕ್ಕಿದ್ದು 540 ಪೌಂಡು, ನಮ್ಮ ಲೆಕ್ಕದಲ್ಲಿ 245 ಕೇಜಿ. ನಾಲ್ಕು ಜನ ಹಂಚಿಕೊಂಡರೆ ತಲೆಗೆ 61. ಬಿಸಿಬೇಳೆಬಾತಿಗೆ ತುಪ್ಪ ಹಾಕಿಕೊಳ್ಳುವ ಮನೆತನಕ್ಕೆ ಅದು ಆಗದ ಮಾತು. ನನ್ನ ಗಂಡ ಕೆಳಗೇ ಉಳಿಯುವುದೆಂದು ತೀರ್ಮಾನವಾಯಿತು. ಅವರಿಗೆ ಇದರಿಂದ ಆದ ಸಂತೋಷವನ್ನು ಅವರು ಮುಚ್ಚಿಡಲಿಲ್ಲ.

ತೂಕದ ಮೊತ್ತ ಗೊತ್ತಿದ್ದರೆ ಸಾಲದು, ಯಾರು ಎಲ್ಲಿ ಕೂರುತ್ತಾರೆ ಎಂಬುದೂ ಬೇಕು. ಮುಂದಿನ ಸೀಟು ಲೆಕ್ಕದ ಗೆರೆಯಿಂದ 37 ಇಂಚು, ಹಿಂದಿನದು 73. ಒಬ್ಬೊಬ್ಬರ ತೂಕವನ್ನೂ ಆ ಇಂಚಿನಿಂದ ಗುಣಿಸಿ, ಕೂಡಿ, ಭಾಗಿಸಿದರೆ ವಿಮಾನದ ಭಾರದ ಕೇಂದ್ರ ಸಿಗುತ್ತದೆ. ಅದು ಮಿತಿ ಮೀರಿ ಹಿಂದಕ್ಕೆ ಸರಿದರೆ ವಿಮಾನ ಹೇಳಿದ ಮಾತು ಕೇಳುವುದಿಲ್ಲ.

ಮಾವನವರನ್ನು ಕೇಳುವ ಮೊದಲೇ ಹೇಳಿದರು: ಬೆಳಿಗ್ಗೆ ವಾಕಿಂಗ್ ಮುಗಿಸಿದ ಮೇಲೆ ಎಪ್ಪತ್ತೆರಡೂವರೆ, ಮುಂಚೆ ಎಪ್ಪತ್ತಮೂರು. ಜೊತೆಗೆ ವೈಮಾನಿಕ ಶಾಸ್ತ್ರದಲ್ಲಿ ಇದಕ್ಕೆಲ್ಲ ಸೂತ್ರಗಳಿವೆ ಎಂದರು. ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ಆ ಗ್ರಂಥದ ವಿಮಾನಗಳು ಹಾರುವುದಿಲ್ಲವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು 1974ರಲ್ಲೇ ಬರೆದಿದ್ದಾರೆ. ಆದರೆ ತೂಕವನ್ನು ಅರ್ಧ ಕೇಜಿಯವರೆಗೆ ಹೇಳುವ ಮಾವನ ಜೊತೆ ವಾದ ಮಾಡುವವಳು ನಾನಲ್ಲ.

ಅತ್ತೆಯವರು ಬ್ಯಾಂಕಿನಲ್ಲಿ ಲೆಡ್ಜರ್ ನೋಡಿಕೊಂಡು ಆಫೀಸರಾಗಿ ನಿವೃತ್ತರಾದವರು. ಕಾಫಿ ಕೊಡುತ್ತಾ, ‘ಅತ್ತೆ, ವಿಮಾನಕ್ಕೆ ಬೇಕಂತೆ, ನಿಮ್ಮ ತೂಕ ಎಷ್ಟಿರಬಹುದು?’ ಎಂದೆ. ‘ಬೇಕಂತೆ’ ಎಂಬ ‘ಅಂತೆ’ಯಲ್ಲಿ ಅಡಗಿಕೊಳ್ಳುವ ಪ್ರಯತ್ನ.

‘ಮದುವೆಯಲ್ಲಿ ನಲವತ್ತೆರಡಿದ್ದೆ.’

‘ಈಗ ಅತ್ತೆ?’

‘ಈಗಲೂ ಅದೇ ಅಳತೆ ಬಳೆ ಏರಿಸ್ತೀನಲ್ಲಮ್ಮ’ ಎಂದು ಕಾಫಿ ಹೀರಿದರು.

ಬಳೆಯ ಅಳತೆಯಿಂದ ಭಾರದ ಕೇಂದ್ರ ಕಂಡುಹಿಡಿಯುವ ಸೂತ್ರ ಸೆಸ್ನಾ ಕೈಪಿಡಿಯಲ್ಲಿಲ್ಲ. ಗಂಡನನ್ನು ಕೇಳಿದರೆ ‘ನಮ್ಮಮ್ಮನ್ನ ನಾನು ಕೇಳಲ್ಲಪ್ಪ’ ಎಂದು ಲ್ಯಾಪ್‌ಟಾಪಿನೊಳಗೆ ಹೊಕ್ಕರು. ಆಗ ನನಗೆ ಸೂಟ್‌ಕೇಸ್ ಹೊಳೆಯಿತು. ನಮ್ಮ ಮನೆಗಳಲ್ಲಿ ಸೂಟ್‌ಕೇಸನ್ನು ಯಾರೂ ಹಾಗೇ ತೂಗುವುದಿಲ್ಲ. ಅದನ್ನು ಎತ್ತಿಕೊಂಡು ಬಾತ್‌ರೂಮಿನ ಮಷಿನ್ ಮೇಲೆ ನಿಲ್ಲುತ್ತೇವೆ, ಆಮೇಲೆ ನಮ್ಮ ತೂಕ ಕಳೆಯುತ್ತೇವೆ. ಕಳೆಯಬೇಕಾದ ಆ ಸಂಖ್ಯೆಯೇ ನನಗೆ ಬೇಕಿತ್ತು! ಸಣ್ಣ ಕ್ಯಾಬಿನ್ ಬ್ಯಾಗೊಂದಕ್ಕೆ ನಾಲ್ಕು ಸೀರೆ, ಒಂದು ಪ್ಯಾಕೆಟ್ ಬಾದಾಮಿ ತುಂಬಿ, ಮೊದಲೇ ಗುಟ್ಟಾಗಿ ತೂಗಿಟ್ಟು, ‘ಅತ್ತೆ, ನಿಮ್ಮ ರಿಟರ್ನ್ ಬ್ಯಾಗ್ ಇದು, ಒಂದು ಸಲ ಹಿಡ್ಕೊಂಡು ನಿಂತ್ಕೋತೀರಾ, ನನಗೆ ಬೆನ್ನು’ ಎಂದೆ.

‘ಇನ್ನೂ ಮೂರು ತಿಂಗಳಿದೆಯಲ್ಲ ಹೊರಡೋಕೆ?’

‘ಈಗಲೇ ನೋಡಿದ್ರೆ ಒಳ್ಳೇದು.’

ಅತ್ತೆ ಬ್ಯಾಗನ್ನು ನೋಡಿದರು, ಮಷಿನ್ ನೋಡಿದರು, ನನ್ನನ್ನು ನೋಡಿದರು. ಮೂರು ದಶಕ ಸುಳ್ಳು ಸಹಿ ಹಿಡಿದ ಕಣ್ಣು ಅದು. ‘ಏನೂಂದ್ರೆ, ಬನ್ನಿ ಇಲ್ಲಿ’ ಎಂದು ಮಾವನನ್ನು ಕರೆದು ಬ್ಯಾಗ್ ಕೊಟ್ಟು ಮಷಿನ್ ಹತ್ತಿಸಿದರು. ಎಪ್ಪತ್ತೆರಡೂವರೆ ಕಳೆದು, ‘ಏಳು ಕೇಜಿ ಇನ್ನೂರು’ ಎಂದು ಬಾಯಲ್ಲೇ ಹೇಳಿ ಹೊರಟುಹೋದರು. ಲೆಕ್ಕ ಸರಿಯಿತ್ತು.

‘ಒಂದೈದು ಕೇಜಿ ಆಚೀಚೆಗೆ ಏನಾಗತ್ತೆ?’ ಎಂದು ನಕ್ಕ ಸ್ನೇಹಿತರ ಮೇಲೆ ನನಗೆ ಇನ್ನೂ ಸಿಟ್ಟಿದೆ. 2003ರ ಜನವರಿ 8ರಂದು ಶಾರ್ಲಟ್ ನಗರದಿಂದ ಎದ್ದ ಸಣ್ಣ ಪ್ರಯಾಣಿಕ ವಿಮಾನವೊಂದು ಎತ್ತಿದ ಮೂಗನ್ನು ಇಳಿಸಲಾಗದೆ ಬಿತ್ತು. ಒಳಗಿದ್ದ 21 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಬಾಲದ ಎಲಿವೇಟರನ್ನು ರಿಪೇರಿಯಲ್ಲಿ ತಪ್ಪಾಗಿ ಹೊಂದಿಸಿದ್ದರು. ಅದರ ಮೇಲೆ ಭಾರದ ಕೇಂದ್ರ ಮಿತಿಗಿಂತ ಹಿಂದಿತ್ತು. ಕಾಗದದ ಮೇಲೆ ಮಾತ್ರ ಭಾರ ಸರಿಯಿತ್ತು, ಯಾಕೆಂದರೆ ಪ್ರಯಾಣಿಕರನ್ನು ಯಾರೂ ತೂಗಿರಲಿಲ್ಲ. ಪುಸ್ತಕದಲ್ಲಿದ್ದ ಸರಾಸರಿ ತೂಕ ಬರೆದಿದ್ದರು, ಜನ ಆ ಸರಾಸರಿಯನ್ನು ಎಂದೋ ದಾಟಿದ್ದರು. ಆಮೇಲೆ ಸರ್ಕಾರ ಸರಾಸರಿಯನ್ನೇ ಏರಿಸಿತು. ಅದನ್ನು ಓದಿದ ರಾತ್ರಿ ನನಗೆ ಅತ್ತೆಯವರ ಬಳೆ ನೆನಪಾಗಿ ನಗು ಬರಲಿಲ್ಲ.

ಕೊನೆಗೆ ಅಂದಾಜಿನ ಮೇಲೆ ಹತ್ತಿಪ್ಪತ್ತು ಸೇರಿಸಿ 190 ಪೌಂಡು ಎಂದು ಬರೆದುಕೊಂಡೆ. ಜಾಸ್ತಿ ಬರೆದರೆ ಅಪಾಯವಿಲ್ಲವೆಂದು ನನ್ನ ತರ್ಕ. ಹೊರಡುವ ದಿನ ಕ್ಲಬ್ಬಿನ ಮೇಜಿನ ಮೇಲೆ ಹಾಳೆ ಇಟ್ಟು ಹವಾಮಾನ ನೋಡಲು ಅತ್ತ ತಿರುಗಿದೆ. ಇತ್ತ ತಿರುಗುವಷ್ಟರಲ್ಲಿ ಅತ್ತೆ ಕನ್ನಡಕ ಏರಿಸಿದ್ದರು. ಬೆರಳು ಒಂದೊಂದೇ ಸಾಲಿನ ಮೇಲೆ ಇಳಿಯುತ್ತಿತ್ತು.

‘ನೂರತೊಂಬತ್ತು ಪೌಂಡು ಅಂದ್ರೆ ಎಂಬತ್ತಾರು ಕೇಜಿ. ಯಾರಮ್ಮ ಇದು?’

ಗೋಡೆಯ ಮೇಲಿನ ನಕ್ಷೆಯಲ್ಲಿ ನನಗೆ ಏಕಾಏಕಿ ಆಸಕ್ತಿ ಹುಟ್ಟಿತು. ಅಷ್ಟರಲ್ಲಿ ನನ್ನ ಇನ್‌ಸ್ಟ್ರಕ್ಟರ್ ಹುಡುಗ ಆ ಕಡೆ ಬಂದು, ನಗುತ್ತಾ, ಇಂಗ್ಲಿಷಿನಲ್ಲಿ ಅತ್ತೆಯವರನ್ನೇ ತೂಕ ಕೇಳಿಬಿಟ್ಟ. ಅವರು ಒಂದು ಕ್ಷಣವೂ ತಡೆಯದೆ, ಬ್ಯಾಂಕ್ ಕೌಂಟರಿನ ದನಿಯಲ್ಲಿ, ಕೇಜಿಯಲ್ಲಿ ಹೇಳಿದರು. ನಾನು ಬರೆದದ್ದಕ್ಕಿಂತ ಸಾಕಷ್ಟು ಕಡಿಮೆ. ಆ ಸಂಖ್ಯೆ ಇಲ್ಲಿ ಬರೆಯುವಷ್ಟು ಧೈರ್ಯ ನನಗಿಲ್ಲ.

ಬೆರಳು ಇನ್ನೂ ಹಾಳೆಯ ಮೇಲಿತ್ತು. ಒಂದು ಸಾಲು ಮೇಲೇರಿತು.

‘ಇದು ನಿಂದಾ? ನೂರಮೂವತ್ತು? ಐವತ್ತೊಂಬತ್ತು ಕೇಜಿ?’ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ಮದುವೆಗೆ ಮುಂಚಿನದು ಬರ್ಕೊಂಡಿದ್ದೀಯಲ್ಲೇ.’ ಮನಸ್ಸಿನಲ್ಲೇ ಕೂಡಿ ಕಳೆದು, ‘ಇಬ್ಬರೂ ಮುಂದಿನ ಸೀಟೇ ತಾನೆ? ಟೋಟಲ್ ಟ್ಯಾಲಿ ಆಗತ್ತೆ ಬಿಡು. ಎಂಟ್ರಿಗಳಷ್ಟೇ ಸುಳ್ಳು’ ಎಂದರು. ನನ್ನ ಪೆನ್ನನ್ನೇ ತೆಗೆದುಕೊಂಡು ಎರಡೂ ಸಾಲು ಹೊಡೆದು, ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು.

ಹಾರಾಟದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬೆಟ್ಟ ದಾಟಿ ಹಾಫ್ ಮೂನ್ ಬೇ ಕಡೆಯ ಸಮುದ್ರ ನೋಡಿಕೊಂಡು ಬಂದೆವು. ಮಾವ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಅತ್ತೆ ದಾರಿಯುದ್ದಕ್ಕೂ ಪೆಟ್ರೋಲಿನ ಮುಳ್ಳನ್ನೇ ನೋಡುತ್ತಿದ್ದರು. ಪಾಲೊ ಆಲ್ಟೊದ ರನ್‌ವೇ 2,443 ಅಡಿ, ಮುಕ್ಕಾಲು ಕಿಲೋಮೀಟರ್ ಕೂಡ ಇಲ್ಲ, ಆಚೆಗೆ ಕೆಸರು. ನನ್ನ ಲ್ಯಾಂಡಿಂಗ್ ಕುಪ್ಪಳಿಸಿತು, ಮತ್ತೆ ಕುಪ್ಪಳಿಸಿತು, ಆಮೇಲೆ ಕೂತಿತು.

ಬೇಲಿಯ ಹತ್ತಿರ ಚಕ್ಕುಲಿ ಡಬ್ಬಿ ಹಿಡಿದು ನಿಂತಿದ್ದ ಗಂಡ ಅದನ್ನು ವಿಡಿಯೊ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾರೆ. ಬೆಣ್ಣೆಯಂಥ ಲ್ಯಾಂಡಿಂಗ್. ಮೈಸೂರು, ಹಾಸನ, ಸಿಂಗಪುರದಿಂದ ಶಭಾಷ್‌ಗಳು ಬಂದಿವೆ. ವಿಮಾನದ ಬಾಲದ ಮೇಲಿನ ನಂಬರು ನಮ್ಮದಲ್ಲ, ನಮಗಿಂತ ಮುಂಚೆ ಇಳಿದ ಯಾರದ್ದೋ. ಅದು ಗೊತ್ತಿರುವುದು ನನಗೆ ಮತ್ತು ಅತ್ತೆಯವರಿಗೆ. ಅವರು ಗ್ರೂಪಿನಲ್ಲಿ ಈವರೆಗೆ ಏನೂ ಬರೆದಿಲ್ಲ. ಅವರ ಸಹಿಯಿರುವ ಹಾಳೆ ನನ್ನ ಬ್ಯಾಗಿನಲ್ಲಿದೆ, ನಾನೂ ಯಾರಿಗೂ ತೋರಿಸಿಲ್ಲ.