ಪೊರೆಮೊಟ್ಟೆಯ ಸಾಧಕಿಗೆ ಹಿತ್ತಲ ಸನ್ಮಾನ

ಈ ಹಿತ್ತಲ ಸಭೆಯ ಅಧ್ಯಕ್ಷತೆ ವಹಿಸಿರುವ ಹುಂಜರಾಯರೇ, ಒರಳುಕಲ್ಲಿನ ಮೇಲೆ ಆಸೀನರಾಗಿರುವ ಮುಖ್ಯ ಅತಿಥಿ ಬೆಕ್ಕಿನವರೇ, ಗೂಡಿನ ಸಮಸ್ತ ಹೇಂಟೆಗಳೇ,

ಆಟಿ ತಿಂಗಳ ಈ ಜಡಿಮಳೆಯಲ್ಲೂ ಇಷ್ಟು ಜನ ಸೇರಿದ್ದೀರಿ. ಬಚ್ಚಲುಕೊಟ್ಟಿಗೆಯ ಮಾಡು ಬಿಟ್ಟರೆ ಒಣಜಾಗ ಬೇರೆ ಇರಲಿಲ್ಲ ಎನ್ನುವುದನ್ನು ನಾನು ಎತ್ತಿ ಆಡುವುದಿಲ್ಲ.

ಇಂದು ಬೆಳಿಗ್ಗೆ ನಮ್ಮ ಚುಕ್ಕಿಯಕ್ಕನವರು ಚಿಪ್ಪೇ ಇಲ್ಲದ ಮೊಟ್ಟೆ ಇಟ್ಟರು. ಬರೀ ಪೊರೆ. ಅಂಗೈಗೆ ತೆಗೆದುಕೊಂಡರೆ ನೀರು ತುಂಬಿದ ಬಲೂನಿನ ಹಾಗೆ ಓಲಾಡಿತು. ಇಟ್ಟಾದ ಮೇಲಿನ ಕೂಗಿನಲ್ಲಿ ಮಾತ್ರ ಚೂರೂ ಕಮ್ಮಿ ಇರಲಿಲ್ಲ. ಸಾರ್ವಜನಿಕ ಜೀವನದಲ್ಲಿರುವವರು ಕಲಿಯಬೇಕಾದ ಪಾಠ.

ಸಾಧಕಿಯ ಪರಿಚಯ ನನ್ನ ಪಾಲಿಗೆ ಬಂದಿದೆ. ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆ ಚಿಪ್ಪಿನ ಕೆಲಸಕ್ಕೇ ಹೋಗುತ್ತದೆ, ಅದೂ ಹೆಚ್ಚಾಗಿ ರಾತ್ರಿ, ನಾವು ಗೊರಕೆ ಹೊಡೆಯುವಾಗ. ಚಿಪ್ಪೊಂದಕ್ಕೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಖರ್ಚು. ತಿಂದದ್ದು ಸಾಲದಿದ್ದರೆ ಇವರು ತಮ್ಮ ಎಲುಬಿನಿಂದಲೇ ಕರಗಿಸಿ ಕೊಡುತ್ತಾರೆ. ಎಷ್ಟು ದಿನ ಹೀಗೆ ಕೊಟ್ಟರೋ! ಇಂದು ಬೊಕ್ಕಸ ಬರಿದಾಯಿತು, ಅಷ್ಟೆ.

ಅಧ್ಯಕ್ಷರು ಎದೆ ಉಬ್ಬಿಸುತ್ತಿದ್ದಾರೆ. ಸ್ವಾಮೀ, ಮರಿಯಾಗಲು ತಾವು ಬೇಕು, ಮೊಟ್ಟೆಯಾಗಲು ಬೇಡ. ಕುಳಿತುಕೊಳ್ಳಿ.

ಇನ್ನು ಸಂಘಟಕರ, ಅಂದರೆ ನನ್ನ, ಕೊಡುಗೆ. ದಿನವೂ ಮಿಕ್ಕ ಕುಚ್ಚಲಕ್ಕಿ ಗಂಜಿ ಸುರಿದು ಅನ್ನದಾತನೆಂದು ಬೀಗಿದವನು ನಾನು. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇರುವುದು 100 ಗ್ರಾಂಗೆ 10 ಮಿಲಿಗ್ರಾಂ ಆಸುಪಾಸು. ಆ ಲೆಕ್ಕದಲ್ಲಿ ಒಂದು ಚಿಪ್ಪಿಗೆ 20 ಕಿಲೋ ಅಕ್ಕಿ! ಸಿಕ್ಕಿದಷ್ಟನ್ನು ಮೈಗೆ ಹಿಡಿಸಲು ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲು ಬೇಕು. ಒಗೆದ ಬಟ್ಟೆಯೇ ಒಣಗದ ತಿಂಗಳಿದು. ಮೊನ್ನೆ ರಾತ್ರಿ ಗೂಡಿನ ಸುತ್ತ ಕಾಡುಬೆಕ್ಕು ಸುಳಿದದ್ದೂ ಇದೆ. ಬೆದರಿದ ಹೇಂಟೆ ಚಿಪ್ಪು ಕೂಡುವ ಮೊದಲೇ ಮೊಟ್ಟೆ ಜಾರಿಸುವುದುಂಟು. ಮುಖ್ಯ ಅತಿಥಿಗಳು ಕಿವಿ ನಿಮಿರಿಸಬೇಕಾಗಿಲ್ಲ, ತಮ್ಮ ಹೆಸರು ಹೇಳಿಲ್ಲ.

ನಾಚಿಕೆಯ ಸಂಗತಿ ಏನೆಂದರೆ, ಬೇಸಿಗೆಯಲ್ಲಿ ನಾವು ಮರುವಾಯಿಯ, ಅಂದರೆ ಕಪ್ಪೆಚಿಪ್ಪಿನ, ಸುಕ್ಕ ತಿಂದು ಎಸೆದ ಚಿಪ್ಪಿನ ರಾಶಿ ಈ ಗೂಡಿನಿಂದ ಹತ್ತೇ ಹೆಜ್ಜೆಯಲ್ಲಿ, ತೆಂಗಿನ ಬುಡದಲ್ಲಿದೆ. ಅದೂ ಮೊಟ್ಟೆಚಿಪ್ಪೂ ಒಂದೇ ಸರಕು. ಕುಟ್ಟಿ ಹಾಕೋಣವೆಂದು ಯಾರಿಗೂ ತೋಚಲಿಲ್ಲ.

ಸಾಧಕಿಯ ಕೃತಿಯನ್ನು ಪ್ರದರ್ಶನಕ್ಕಿಡುವ ಆಸೆಯಿತ್ತು. ನಾನು ಒಳಗೆ ಶಾಲು ಹುಡುಕುವಷ್ಟರಲ್ಲಿ ಸಹೋದ್ಯೋಗಿಗಳು ಅಭಿನಂದಿಸುವ ಭರದಲ್ಲಿ ಅದನ್ನು ಕುಕ್ಕಿ ಮುಗಿಸಿದ್ದರು. ಈ ರುಚಿ ಹತ್ತಿದರೆ ನಾಳೆ ಗಟ್ಟಿ ಮೊಟ್ಟೆಗೂ ಉಳಿಗಾಲವಿಲ್ಲ. ಇನ್ನು ಮುಂದೆ ಕೂಗು ಕೇಳಿದ ಕೂಡಲೇ ಓಡಿಬಂದು ಎತ್ತುವುದು ನನ್ನ ಕೆಲಸ. ಶಾಲು ಸಿಗಲಿಲ್ಲ, ಗೋಣಿ ಹೊದಿಸುತ್ತಿದ್ದೇನೆ.

ಫಲತಾಂಬೂಲದ ಬದಲಿಗೆ ಒಂದು ತಟ್ಟೆ ಮರುವಾಯಿ ಚಿಪ್ಪು. ಹುಡಿ ಮಾಡಿಲ್ಲ, ನುಚ್ಚಿನಷ್ಟು ತರಿ ಇಟ್ಟಿದ್ದೇನೆ. ತರಿಯಾದರೆ ಹೊಟ್ಟೆಯಲ್ಲಿ ನಿಧಾನ ಕರಗಿ ರಾತ್ರಿಪಾಳಿಗೆ ಒದಗುತ್ತದೆ. ಸಮಾರಂಭ ಸಂಜೆಗೆ ಇಟ್ಟದ್ದೂ ಅದಕ್ಕೇ. ಗಂಜಿಗೆ ಬೆರೆಸದೆ ಬೇರೆ ತಟ್ಟೆಯಲ್ಲಿಟ್ಟದ್ದೇಕೆಂದರೆ, ಮೊಟ್ಟೆ ಇಡದವರ ಹೊಟ್ಟೆಗೆ ಇದು ಅತಿಯಾಗಿ ಹೋದರೆ ಮೂತ್ರಪಿಂಡಕ್ಕೆ ಕೇಡು.

ಸನ್ಮಾನಿತರು ಈಗ ಎರಡು ಮಾತು... ಅರೆ, ಗೋಣಿ ಕೊಡವಿ ತಟ್ಟೆಗೇ ಇಳಿದರಲ್ಲ! ಸರಿ, ಮಾತು ಬೇಡ. ಅಧ್ಯಕ್ಷರೇ, ಅದು ತಮಗಲ್ಲ, ಸ್ವಲ್ಪ ಆಚೆ ಸರಿಯಿರಿ.